ನೀರು ಹೊಯ್ದವಳು

ನನ್ನ ಅಂಗೈ ಬೆವರುತ್ತದೆ, ಚಳಿಗಾಲದಲ್ಲೂ. ಮದುವೆಯ ದಿನ ಇಗರ್ಜಿಯ ಬಾಗಿಲಲ್ಲಿ ಪಾದ್ರಿಗಳು ನನ್ನ ಕೈಯನ್ನು ಆನ್ಸೋ ದೊರೆಯ ಕೈಗೆ ಕೊಡುವಾಗ ಅವರಿಗೆ ಹಸಿ ಮೀನು ಹಿಡಿದಂತಾದರೆ ಏನು ಮಾಡಲಿ ಎಂಬುದೇ ಆ ದಿನಗಳಲ್ಲಿ ನನ್ನ ಚಿಂತೆಯಾಗಿತ್ತು. ಅದನ್ನು ಮೇಣದ ಹಲಗೆಯ ಮೇಲೆ ಗೀಚಿ, ಯಾರಾದರೂ ನೋಡಿಯಾರೆಂದು ಉಜ್ಜಿಬಿಡುತ್ತಿದ್ದೆ. ನಿಜವಾದ ಚಿಂತೆ ಅದಲ್ಲವೆಂದು ನನಗೆ ಗೊತ್ತಿತ್ತು. ಅದರ ಹತ್ತಿರ ಹೋಗಲು ಹೆದರಿ ಇದನ್ನು ಹಿಡಿದುಕೊಂಡಿದ್ದೆ, ಅಷ್ಟೆ.

ಅಕ್ಕ ಬದುಕಿದ್ದರೆ ನಾನು ಈಗಲೂ ಕನ್ಯಾಮಠದಲ್ಲೇ ಇರುತ್ತಿದ್ದೆ. ಚಿಕ್ಕಂದಿನಲ್ಲೇ ಅಲ್ಲಿಗೆ ಸೇರಿಸಿದ್ದರು. ಲ್ಯಾಟಿನ್ ಓದುವುದು, ಬರೆಯುವುದು, ಬಾಯಿ ಮುಚ್ಚಿಕೊಂಡಿರುವುದು ಎಲ್ಲವನ್ನೂ ಅಲ್ಲೇ ಕಲಿತೆ. ಅಕ್ಕ ಜ್ವರದಲ್ಲಿ ಹೋದಳು. ಅಪ್ಪ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಂಡುಮಕ್ಕಳಿಲ್ಲದ ಕೋಟೆಗೆ ಒಬ್ಬ ಅಳಿಯ ಬೇಕಾಯಿತು, ನನ್ನನ್ನು ಕರೆಸಿದರು. ನಾನು ಬಂದ ಮೇಲೆ ಹೊಳೆಯಾಚೆಯ ಆನ್ಸೋ ದೊರೆಯ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಒಂದು ವರ್ಷ ಕಳೆಯಿತು. ಮದುವೆ ಗೊತ್ತಾಯಿತು. ನಮ್ಮಲ್ಲಿ ಮೂರು ಭಾನುವಾರ ಇಗರ್ಜಿಯಲ್ಲಿ ಮದುವೆಯನ್ನು ಸಾರುತ್ತಾರೆ. ಅಡ್ಡಿ ಗೊತ್ತಿದ್ದವರು ಬಾಯಿಬಿಟ್ಟು ಹೇಳಬೇಕು. ಎರಡು ಭಾನುವಾರ ಕೆಮ್ಮು ಬಿಟ್ಟರೆ ಬೇರೇನೂ ಕೇಳಿಸಿರಲಿಲ್ಲ.

ಎರಡನೆಯ ಭಾನುವಾರದ ಮಧ್ಯಾಹ್ನ ಸೂಲಗಿತ್ತಿ ಪೆರ್ರೀನ್ ಅಮ್ಮನ ಕೋಣೆಗೆ ಬಂದಳು. ನಾನು ಕಿಟಕಿಯ ಬಳಿ ದಾರ ಸುತ್ತುತ್ತಿದ್ದೆ.

"ಅಮ್ಮಾವ್ರೇ, ಹೊಟ್ಟೇಲಿ ಇಟ್ಕೊಂಡು ಇಟ್ಕೊಂಡು ಉಬ್ಬರ ಬಂದಂಗಾಗೈತೆ. ಸಿಬಿಲ್ ದೊರೆಸಾನಿ ಹೆರಿಗೆ ದಿನ ಮಗೂಗೆ ನೀರು ಹೊಯ್ದೋಳು ನಾನಲ್ಲ. ಇಲ್ಲಿ ಕೂತಿರೋ ನಿಮ್ಮ ಮಗಳು, ಅಮ್ಮಣ್ಣಿಯೋರು."

ಅಮ್ಮನ ಸೂಜಿ ನಿಂತಿತು. "ನಾನೇ ಹೊಯ್ದೆ ಅಂತ ಪಾದ್ರಿಗಳ ಮುಂದೆ ಹೇಳಿದ್ಯಲ್ಲೇ?"

"ಸೂಲಗಿತ್ತಿ ನಿಂತಿದ್ದೂ ಹುಡುಗಿ ಕೈಲಿ ಯಾಕೆ ಮಾಡಿಸ್ದೆ ಅಂತ ಬಯ್ತಿದ್ರು. ನನ್ನ ಎರಡು ಕೈನೂ ತಾಯಿ ಹೊಟ್ಟೆ ಮ್ಯಾಲಿದ್ವು. ಕಾಲಲ್ಲಿ ಹೊಯ್ಲಾ?"

ಸಿಬಿಲ್ ಎಂದರೆ ಆನ್ಸೋ ದೊರೆಯ ತೀರಿಹೋದ ಹೆಂಡತಿ. ಮಠದಿಂದ ಬಂದ ಹೊಸತರಲ್ಲಿ ಅಮ್ಮ ನನ್ನನ್ನು ಆಕೆಯ ಜೊತೆಗಿರಲು ಕಳಿಸಿದ್ದಳು. ಮಗು ಉಳಿಯುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ಪಾದ್ರಿಯೇ ಬೇಕೆಂದಿಲ್ಲ, ಯಾರು ಬೇಕಾದರೂ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಮಾಡಿಸಬಹುದು. ಆದರೆ ಮಾಡಿಸಿದವಳು ಆ ಮಗುವಿಗೆ ಜ್ಞಾನತಾಯಿಯಾಗುತ್ತಾಳೆ, ಮಗುವಿನ ತಂದೆಗೆ ನೆಂಟಳಾಗುತ್ತಾಳೆ. ಆ ನೆಂಟಸ್ತಿಕೆಯಲ್ಲಿ ಮದುವೆ ಕೂಡದು. ಇದು ನಮ್ಮ ಹಂದಿ ಕಾಯುವವನಿಗೂ ಗೊತ್ತು.

"ಆಗ ಮಗು ಬದುಕಿತ್ತಾ?" ಅಮ್ಮ ಕೇಳಿದಳು.

"ಅದು ಅಮ್ಮಣ್ಣಿಯೋರ ಕೈಲಿತ್ತು. ನಾನು ತಾಯೀನ ನೋಡ್ಲಾ, ಮಗೂನ ನೋಡ್ಲಾ?"

"ಬದುಕಿತ್ತೇನೇ, ಎಮ್ಲಿನ್?"

ನಾನು ದಾರ ನೋಡಿದೆ. ಉಂಡೆಗೆ ಇನ್ನೊಂದು ಸುತ್ತು ಹಾಕಿದೆ.

"ನೋಡಿದ್ಯಾ, ಅವಳಿಗೇ ಗೊತ್ತಿಲ್ಲ," ಎಂದಳು ಅಮ್ಮ. ದನಿಯಲ್ಲಿ ಗೆಲುವಿತ್ತು. "ಸತ್ತ ಮಗೂಗೆ ನೀರು ಹೊಯ್ದ್ರೆ ಹೆಣ ತೊಳೆದ ಹಾಗೆ. ನೆಂಟಸ್ತಿಕೇನೂ ಇಲ್ಲ, ಅಡ್ಡೀನೂ ಇಲ್ಲ. ಪೆರ್ರೀನ್, ನೀನು ಹೇಳಿದ್ದನ್ನೇ ಹೇಳ್ಕೊಂಡಿರು. ಎಮ್ಲಿನ್, ಯಾರಾದ್ರೂ ಕೆದಕಿದ್ರೆ, ಉಸಿರು ಆಗ್ಲೇ ಹೋಗಿತ್ತು ಅನ್ನು. ಮಾತೇ ಆಡದೋಳು ನೀನು, ಇಷ್ಟು ಆಡೋದು ಕಷ್ಟವಾ?"

ಇಷ್ಟು ಎಂದರೆ ಎಷ್ಟೆಂದು ಅಮ್ಮನಿಗೂ ಗೊತ್ತಿತ್ತು. ಜ್ಞಾನಸ್ನಾನವಾಗದ ಮಗುವಿಗೆ ಇಗರ್ಜಿಯ ಮಣ್ಣಿನಲ್ಲಿ ಜಾಗವಿಲ್ಲ. ಗೋಡೆಯಾಚೆ, ತುರಿಕೆ ಗಿಡಗಳ ನಡುವೆ ಹೂಳುತ್ತಾರೆ. ಸ್ವರ್ಗವೂ ಇಲ್ಲ. ಆ ಮಗುವನ್ನು ಗೋಡೆಯೊಳಗೆ, ತಾಯಿಯ ಪಕ್ಕದಲ್ಲೇ ಮಲಗಿಸಿದ್ದರು. ಸುಮ್ಮನಿದ್ದರೆ ಮದುವೆಯಾಗಬಾರದವನ ಹಾಸಿಗೆಗೆ ಹೋಗಬೇಕು. ಸುಳ್ಳು ಹೇಳಿದರೆ ನನ್ನ ಕೈಯಾರೆ ಮಗುವನ್ನು ಗೋಡೆಯಾಚೆ ಎಸೆಯಬೇಕು. ನಿಜ ಹೇಳಿದರೆ ಅಪ್ಪ.

ಆ ವಾರ ಅಪ್ಪನ ಹತ್ತಿರ ಹೋದೆ. ಅವರು ಒಲೆಯ ಮುಂದೆ ಕುರ್ಚಿಯಲ್ಲಿ ಕೂತು, ಸುಟ್ಟ ಚೆಸ್ಟ್‌ನಟ್ ಕಾಯಿಯ ಸಿಪ್ಪೆ ಸುಲಿದು ಕಾಲ ಮೇಲೇ ಹಾಕಿಕೊಳ್ಳುತ್ತಿದ್ದರು. ಬಿಸಿ ಸಿಪ್ಪೆ ಬಿದ್ದದ್ದು ಆ ಕಾಲಿಗೆ ತಿಳಿಯುತ್ತಿರಲಿಲ್ಲ.

"ಬಾರಮ್ಮ, ಮದುಮಗಳೇ. ಮುಖ ಯಾಕೆ ಹುಳಿ ದ್ರಾಕ್ಷಾರಸ ಕುಡಿದ ಹಾಗಿದೆ? ಆನ್ಸೋಗೆ ವಯಸ್ಸಾಗಿದೆ ಅಂತಾನಾ? ಮುಂದಿನ ಹಲ್ಲು ಎರಡು ಹೋಗಿವೆ, ಒಪ್ಕೋತೀನಿ. ಒಳ್ಳೇದೇ ಆಯ್ತು, ಕಚ್ಚಲ್ಲ."

ನಾನು ನಗಲಿಲ್ಲ. ಅವರು ಸುಲಿಯುವುದನ್ನು ನಿಲ್ಲಿಸಿದರು.

"ನಾನು ಕಣ್ಮುಚ್ಚಿದ ದಿನ ನಮ್ಮ ಮೇಲಿನ ಪ್ರಭುಗಳು ನಿನ್ನನ್ನ ಕೋಟೆ ಸಮೇತ ಯಾವನೋ ಸವಾರನಿಗೆ ಬಹುಮಾನ ಕೊಡ್ತಾರೆ, ಮಗಳೇ. ಅವನು ಕುಡುಕನೋ, ಹೊಡೆಯೋನೋ, ಯಾರು ಕೇಳ್ತಾರೆ? ಎದ್ದು ನಿಂತು ಅಡ್ಡ ಬರೋಕೆ ನನಗೆ ಕಾಲಿಲ್ಲ. ಆನ್ಸೋ ಇದ್ರೆ ನಿಮ್ಮಮ್ಮನ್ನೂ ಆಚೆ ಹಾಕಲ್ಲ." ನನ್ನ ಮುಖ ನೋಡಿದರು. "ಏನೋ ಹೇಳೋಕೆ ಬಂದ್ಯಾ?"

"ಇನ್ನಷ್ಟು ಸುಟ್ಟು ತರ್ಲಾ, ಅಪ್ಪ?" ಎಂದೆ.

ಮೂರನೆಯ ಭಾನುವಾರ ಮಂಜು ಕವಿದಿತ್ತು. ನಾವು ಇಗರ್ಜಿಗೆ ಬಂದಾಗ ಆನ್ಸೋ ದೊರೆ ಸಮಾಧಿಗಳ ಬಳಿ ಒಬ್ಬರೇ ನಿಂತಿದ್ದರು. ಟೋಪಿ ಕೈಯಲ್ಲಿತ್ತು. ನಮ್ಮನ್ನು ಕಂಡು ಹತ್ತಿರ ಬಂದರು. ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು.

"ಎಮ್ಲಿನ್, ಒಳಗೆ ಹೋಗೋಕೆ ಮುಂಚೆ ಒಂದು ಮಾತು ಕೇಳ್ಬೇಕು. ತಪ್ಪು ತಿಳೀಬೇಡ." ಸಮಾಧಿಗಳ ಕಡೆ ತಿರುಗಿ ನೋಡಿದರು. "ಮಗು ಬದುಕಿದ್ದಾಗಲೇ ನೀರು ಬಿತ್ತಾ ಅಂತ ಪೆರ್ರೀನ್‌ನ ಎಷ್ಟೋ ಸಲ ಕೇಳಿದೀನಿ. 'ಹೌದು ದೊರೆ' ಅಂತಾಳೆ, ನೆಲ ನೋಡ್ತಾಳೆ. ಹೆತ್ತೋರ ಸಮಾಧಾನಕ್ಕೆ ಸೂಲಗಿತ್ತೀರು ಹಾಗನ್ನೋದು ಉಂಟಂತೆ. ನಂಗೆ ನಿದ್ದೆಯಿಲ್ಲ. ನೀನು ಆ ಕೋಣೇಲಿದ್ದೆ."

"ಇವಳು ಹೆದರಿ ಮೂಲೇಲಿ ನಿಂತಿದ್ಲು, ದೊರೆ," ಎಂದಳು ಅಮ್ಮ. "ಏನೂ ನೋಡಿಲ್ಲ. ಹೌದಲ್ವೇನೇ?" ಉಗುರು ತೋಳಿನ ಬಟ್ಟೆ ದಾಟಿ ಒಳಗಿಳಿಯಿತು.

ಹೌದು ಎಂದರೆ ಸಾಕಿತ್ತು. ತಲೆಯಾಡಿಸಿದರೂ ಸಾಕಿತ್ತು. ಒಳಗೆ ಪಾದ್ರಿಗಳು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಇಬ್ಬರು ಆಳುಗಳು ಅಪ್ಪನನ್ನು ಕುರ್ಚಿ ಸಮೇತ ಮೆಟ್ಟಿಲ ಮೇಲೆ ಎತ್ತುತ್ತಿದ್ದರು. "ಮೆಲ್ಲಗೋ, ನಾನೇನು ಮೂಟೆಯಾ!" ಎಂದು ಅಪ್ಪ ಗದರುವುದು ಕೇಳಿಸಿತು. ಆನ್ಸೋ ದೊರೆ ಟೋಪಿಯನ್ನು ಹಿಂಡುತ್ತಿದ್ದರು, ಒದ್ದೆ ಬಟ್ಟೆ ಹಿಂಡಿದಂತೆ.

"ಬದುಕಿದ್ದ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಮೆಟ್ಟಿಲ ಮೇಲೆ ಕುರ್ಚಿ ನಿಂತಿತು. "ನೀರು ಕಿವಿಗೆ ಇಳಿದಾಗ ಮುಖ ಸಿಂಡರಿಸಿದ. ಹೊಯ್ದೋಳು ಪೆರ್ರೀನ್ ಅಲ್ಲ, ದೊರೆ. ನಾನು."