ಸಂಜೆ ಹೊತ್ತು ಸೋರುವ ಗಾಳಿ

ಬೆಳಿಗ್ಗೆ ಭರ್ರೆಂದು ಕಸ ಎಳೆಯುವ ಯಂತ್ರ ಸಂಜೆಯಾದೊಡನೆ ಯಾಕೆ ಸೊರಗುತ್ತದೆ? ಘೋಣಸಗಿಯ ಗೌತಮನಿಗೆ ಬಗೆಹರಿಯಲಿಲ್ಲ. ವಿಜಯಪುರದ ಈ ಹಳೆಯ ಕಲ್ಲಿನ ಮನೆಯಲ್ಲಿ ಗೋಡೆಗಳಿಗೆ ಹೆಚ್ಚು ಪೆಟ್ಟಾಗದಂತೆ ಅಟ್ಟದ ಮೇಲಿಂದ, ಕಪಾಟುಗಳ ಮೂಲೆಯಿಂದ ಕೊಳವೆ ಹಾಯಿಸಿದ್ದ. ಮೋಟಾರು, ಧೂಳಿನ ಡಬ್ಬಿ ಮಾಳಿಗೆಯ ಮೇಲೆ. ಕೋಣೆಗೊಂದು ಮುಚ್ಚಳದ ತೂತು. ಅದಕ್ಕೆ ಪೈಪು ಸಿಕ್ಕಿಸಿದರೆ ಕಸ ನೇರವಾಗಿ ಮೇಲಿನ ಡಬ್ಬಿಗೆ.

ಮನೆಯೊಡತಿ ವಂದನಾಗೆ ಧೂಳೆಂದರೆ ಉಬ್ಬಸ. ಬ್ಯಾಂಕಿನಿಂದ ಬಂದ ಮೇಲಷ್ಟೇ ಅವಳಿಗೆ ಬಿಡುವು.

"ಇವತ್ತೂ ಹಿಂಗಾದ್ರ ಬಿಚ್ಚಿಕೊಂಡು ಹೋಗ್ರಿ. ಇನಹೇಲರ್ ಹಿಡಕೊಂಡು ಕಸಾ ಹೊಡಿಯೋದು ನನಗ ರೂಢಿ ಅದ," ಎಂದಳು.

ಗೌತಮನಿಗೆ ಇಂಥದ್ದು ಇದೇ ಮೊದಲ ಕೆಲಸ. ಕೋಣೆಗಳ ತೂತುಗಳನ್ನೆಲ್ಲ ಮುಚ್ಚಿ, ಮೋಟಾರು ಚಾಲೂ ಮಾಡಿ, ಒಂದೊಂದು ಜೋಡಣೆಗೂ ಕಿವಿಯಿಟ್ಟ. ಎಲ್ಲೂ ಸೋರಿಕೆಯಿಲ್ಲ.

ಅಷ್ಟರಲ್ಲಿ ವಂದನಾಳ ಅತ್ತೆ ಆನಂದೀಬಾಯಿ ದೀಪ ಹಚ್ಚಿ, ಹೊಸ್ತಿಲ ಬಳಿ ಊದುಬತ್ತಿ ಸಿಕ್ಕಿಸಿದರು. ಅದರ ಹೊಗೆ ಒಂದು ಗೇಣು ಮೇಲೇರಿ, ಏನೋ ನೆನಪಾದಂತೆ ಬಾಗಿ, ತೆರೆದ ಕದದ ಹಿಂದೆ ನುಸುಳಿತು. ಗಾಳಿ ಆ ಕಡೆ ಬೀಸುತ್ತಿರಲಿಲ್ಲ. ಗೌತಮ ಕದ ಸರಿಸಿದ. ಆಗಲೇ ತಾನು ಮುಚ್ಚಿದ್ದ ಪಡಸಾಲೆಯ ತೂತಿನ ಮುಚ್ಚಳ ಮತ್ತೆ ತೆರೆದಿತ್ತು. ಬೀಳದಂತೆ ಸಂದಿಗೊಂದು ಅಡಿಕೆ.

"ಅವ್ವಾರ, ಇದನ್ನ ಯಾರು ತೆರದಾರ್ರಿ?"

"ನಾನ ತೆರದೀನಿ. ದಿನಾ ತೆರೀತೀನಿ. ದೀಪ ಹಚ್ಚೂ ಹೊತ್ತಿಗೆ ಬಾಗಲಾ ತೆರದಿರಬೇಕಪಾ, ಲಕ್ಷ್ಮಿ ಬರೂ ಹೊತ್ತು. ಇದೂ ಬಾಗಲಾನ ಅಲ್ಲೇನು? ನೀನ ಕೂಡಿಸೀದಿ."

"ಅತ್ಯಾ, ಅದರಾಗ ಬಂದ ಲಕ್ಷ್ಮಿ ನೆಟ್ಟಗ ಕಸದ ಡಬ್ಬಿಗೇ ಹೋಗ್ತಾಳ," ಎಂದಳು ವಂದನಾ.

ಆನಂದೀಬಾಯಿ ನಗಲಿಲ್ಲ. ಕುಕ್ಕರುಗಾಲಲ್ಲಿ ಕೂತು ಹೊಗೆ ಎಲ್ಲಿಗೆ ಹೋಗುತ್ತದೆಂದು ಬಹಳ ಹೊತ್ತು ನೋಡಿದರು. ಮುಚ್ಚಳವನ್ನು ಇನ್ನಷ್ಟು ಎತ್ತಿದರು. ಅಡಿಕೆ ಸರಕ್ಕನೆ ಒಳಗೆ ಹೋಯಿತು.

ಕಟಕಟ ಸದ್ದು ಗೋಡೆ ಹತ್ತಿ, ಅಟ್ಟ ದಾಟಿ, ಅಡಿಗೆಮನೆಯ ಮೂಲೆಯಲ್ಲಿ ಹೊರಳಿತು. ಮೂವರ ಮುಖಗಳೂ ಅದರ ಹಿಂದೆಯೇ ತಿರುಗಿದವು. ಮಾಳಿಗೆಯ ಮೇಲೆ ಠಣ್ ಎಂದಿತು.

"ಎಳೀತದಲ್ಲ," ಎಂದು ಆನಂದೀಬಾಯಿ ಮುಚ್ಚಳ ಬಿಟ್ಟರು. ಅದು ಟಪ್ಪನೆ ಕೂತಿತು. "ಒಳಗ ಕರಿಯೂ ಬಾಗಲಾ ಅಲ್ಲ ಇದು. ಮುಚ್ಚೇ ಇರಲಿ."

ವಂದನಾ ಮಲಗುವ ಕೋಣೆಯಲ್ಲಿ ಪೈಪು ಸಿಕ್ಕಿಸಿದಳು. ಈ ಸಲ ಚಾದರದ ಅಂಚೇ ಒಳಗೆ ಹೋಗಲು ನೋಡಿತು. ಅವಳು ಮಂಚದ ಕೆಳಗೆ ಬಗ್ಗಿ ಎದ್ದಳು. ಕೆಮ್ಮು ಬರುತ್ತದೇನೋ ಎಂದು ಸ್ವಲ್ಪ ಕಾದಳು. ಬರಲಿಲ್ಲ. ಮತ್ತೆ ಬಗ್ಗಿದಳು.

ಡಬ್ಬಿ ನೋಡಲು ಮಾಳಿಗೆ ಏರಹೊರಟ ಗೌತಮನನ್ನು ಆನಂದೀಬಾಯಿ ತಡೆದರು.

"ದೀಪ ಹಚ್ಚೇದಲ್ಲಪಾ, ಈಗ ಕಸಾ ಹೊರಗ ಹಾಕಬಾರದು. ಮುಂಜಾನೆ ಬಾ. ಕೊಳವ್ಯಾಗ ಉರುಳಿ ಅಡಿಕಿ ಎಷ್ಟ ಸವದದ, ನಾನೂ ನೋಡಬೇಕು."