ಮೀಸೆ ಹೊತ್ತ ಸವತಿ

ಜ್ಯೋತಿಲಕ್ಷ್ಮಿಗೆ ಸವತಿ ಬಂದಿದ್ದಳು. ಬಂದಿದ್ದಳು ಅನ್ನುವುದಕ್ಕಿಂತ ಬಂದಿದ್ದ ಅನ್ನಬೇಕು: ಅರವತ್ತು ದಾಟಿದ, ಬಿಳಿ ಮೀಸೆಯ, ವಿಜಯಪುರದ ಕಡೆಯ ಸಿದ್ರಾಮಪ್ಪ. ಗಂಡನನ್ನು ಅವನ ಮಡಿಲಿಗೆ ಹಾಕಿ ಬಂದವಳೂ ಅವಳೇ.

ಗಂಡ ವೇಣುಗೋಪಾಲ್ ಲಿಫ್ಟ್ ರಿಪೇರಿಯವನು. ಹೆಬ್ಬಾಳದ ಅಪಾರ್ಟ್‌ಮೆಂಟಿನವರನ್ನು ಹಗಲೆಲ್ಲ ಮೇಲೆತ್ತಿ, ಸಂಜೆ ಕುಡಿದು ತಾನೇ ಕೆಳಗುರುಳುತ್ತಿದ್ದ. ಬಿಡಿಸಲು ಅವಳು ಮಾಡದ್ದೇನು? ಅತ್ತಳು, ಬೈದಳು, ತವರಿಗೆ ಹೋಗಿ ಬಂದಳು, ತಾಯತ ಕಟ್ಟಿಸಿದಳು, ಸಾರಿನಲ್ಲಿ ಯಾವುದೋ ಪುಡಿ ಬೆರೆಸಿ ಅವನಿಗೆ ಭೇದಿ ಹಿಡಿಸಿದಳು. ಕುಡಿತ ಬಿಟ್ಟು ಉಳಿದೆಲ್ಲವೂ ಹೊರಗೆ ಹೋಯಿತು.

ಕೊನೆಗೆ ಆರ್.ಟಿ. ನಗರದ ಅವಳ ಮನೆಗೆ ಬ್ಲೌಸ್ ಹೊಲಿಸಲು ಬಂದ ರುಖ್ಸಾರ್ ದಾರಿ ತೋರಿಸಿದಳು. "ಅಕ್ಕಾ, ಕೆಂಪಾಪುರದ ಸ್ಕೂಲಲ್ಲಿ ಭಾನುವಾರ ಮೀಟಿಂಗ್ ಇರುತ್ತೆ. ಕುಡಿಯೋದ್ ಬಿಟ್ಟೋರೆಲ್ಲಾ ಸೇರ್ತಾರೆ. ನಮ್ ಮಾಮೂನೂ ಅಲ್ಲೇ ಸರಿಹೋದ್ರು."

"ಏನ್ ಔಷಧಿ ಕೊಡ್ತಾರೆ?"

"ಟೀ ಕೊಡ್ತಾರೆ. ಮಾತಾಡ್ತಾರೆ."

ಮಾತು! ಮದುವೆಯಾದಾಗಿನಿಂದ ಅವಳು ಇನ್ನೇನು ಮಾಡಿದ್ದಳು? ಆದರೂ ಭಾನುವಾರ ಗಂಡನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗಿ, ಒಂದನೇ ಕ್ಲಾಸಿಗೆ ಮಗು ಸೇರಿಸುವಂತೆ ಒಳಗೆ ತಳ್ಳಿ ಬಂದಳು.

ಮಗು ಪಾಸಾಯಿತು. ಅವಳ ಕಣ್ಣೀರಿಗೆ ಜಗ್ಗದವನು ಅವರ ಟೀಗೆ ಜಗ್ಗಿದ. ಸಂತೋಷಪಡಬೇಕಿತ್ತು, ಪಟ್ಟಳು ಕೂಡ, ಒಂದು ವಾರ. ಆಮೇಲೆ ಶುರುವಾಯಿತು ಹೊಟ್ಟೆಯುರಿ.

ಆ ಗುಂಪಿನಲ್ಲಿ ಒಂದು ಪದ್ಧತಿ. ಹೊಸಬನಿಗೆ ಹಳಬರೊಬ್ಬರು ಜೊತೆ. ಕುಡಿಯಬೇಕು ಅನ್ನಿಸಿದರೆ ಗ್ಲಾಸ್ ಹಿಡಿಯುವ ಮೊದಲು ಫೋನ್ ಹಿಡಿಯಬೇಕು. ವೇಣುವಿನ ಪಾಲಿಗೆ ಬಂದವನು ಸಿದ್ರಾಮಪ್ಪ. ಬಾಲ್ಕನಿಯ ಬಾಗಿಲು ಮುಂದೆ ಮಾಡಿಕೊಂಡು ಗಂಡ ಪಿಸುಗುಟ್ಟುವುದೇನು, ನಗುವುದೇನು!

ಗಿರಾಕಿಗಳೆದುರು ಜ್ಯೋತಿಲಕ್ಷ್ಮಿ ಅಳತೆ ಟೇಪನ್ನು ಮೂಗಿನ ಕೆಳಗೆ ಮೀಸೆಯಂತೆ ಹಿಡಿದು ಅಣಕಿಸುತ್ತಿದ್ದಳು: "ಏನಪಾ ವೇಣು, ಊಟಾ ಆತೇನು? ಮನಸ್ಸು ಹ್ಯಾಂಗೈತಿ?"

ರುಖ್ಸಾರ್ ಬಿದ್ದು ಬಿದ್ದು ನಕ್ಕಳು. "ಹೋಗ್ಲಿ ಬಿಡಕ್ಕಾ, ಕುಡೀತಿಲ್ವಲ್ಲಾ."

"ನನ್ ಮಾತಿಗೆ ಬಿಡ್ಲಿಲ್ವಲ್ಲೇ!"

ಒಂದು ಭಾನುವಾರ ಮನೆಯವರನ್ನೂ ಮೀಟಿಂಗಿಗೆ ಕರೆದರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಳು. ವೇಣು ಎದ್ದು ನಿಂತ. "ನನ್ ಹೆಸ್ರು ವೇಣು. ನಾನೊಬ್ಬ ಕುಡುಕ." ಎಲ್ಲರೂ ಚಪ್ಪಾಳೆ ತಟ್ಟಿದರು. ಇದೇ ಮಾತು ಅವಳು ಅಂದಾಗ ತಟ್ಟೆ ಹಾರಿತ್ತು!

ಅವನು ಮುಂದುವರಿಸಿದ. ಹಿಂದೊಮ್ಮೆ ಲಿಫ್ಟಿನ ತಳದ ಹೊಂಡದೊಳಗೆ ಕತ್ತಲಲ್ಲಿ ಸಿಕ್ಕಿಹಾಕಿಕೊಂಡಿದ್ದನಂತೆ. ತಲೆಯ ಮೇಲೆ ಲಿಫ್ಟ್ ಜಾರಿ ನಿಂತಿತ್ತಂತೆ. "ಅವತ್ತಿಂದ ಕೈ ನಡುಗ್ತಿತ್ತು. ಕುಡಿದ್ರೆ ನಿಲ್ತಿತ್ತು."

ಅಲ್ಲಿ ಕೂತಿದ್ದ ಪ್ಲಂಬರಿಗೆ, ಬ್ಯಾಂಕಿನವನಿಗೆ, ಹಲ್ಲಿಲ್ಲದ ಮುದುಕನಿಗೆ, ಎಲ್ಲರಿಗೂ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ ಗೊತ್ತಿರಲಿಲ್ಲ.

ದಾರಿಯಲ್ಲಿ ಕೇಳಿದಳು: "ನಂಗ್ಯಾಕ್ರೀ ಹೇಳ್ಲಿಲ್ಲ?"

"ನೀನ್ ಹೆದರ್ಕೋತೀಯ ಅಂತ."

"ಅವ್ರು ಹೆದರ್ಕೊಳಲ್ವಾ?"

"ಅವ್ರೆಲ್ಲಾ ಆಗ್ಲೇ ಹೆದರಿ ಮುಗಿಸಿರೋರು ಕಣೆ."

ಅದಾದ ಮೇಲೆ ಒಂದು ಮಧ್ಯಾಹ್ನ ವೇಣು ಕೆಲಸದ ನಡುವೆಯೇ ಮನೆಗೆ ಬಂದ. ಮುಖ ಸುಣ್ಣದ ಹಾಗಾಗಿತ್ತು. ಜೊತೆ ಕೆಲಸದವನ ಕೈ ಲಿಫ್ಟಿನ ಯಂತ್ರಕ್ಕೆ ಸಿಕ್ಕಿತು ಅಂದಷ್ಟೇ ಹೇಳಿದ. ಅಂದು ವೇಣುವಿನ ಫೋನ್ ಮನೆಯಲ್ಲೇ ಚಾರ್ಜಿಗಿತ್ತು. ಅವನು ಕೈ ಚಾಚುವಷ್ಟರಲ್ಲಿ ಜ್ಯೋತಿಲಕ್ಷ್ಮಿ ಅದನ್ನು ಎತ್ತಿ ಬೆನ್ನ ಹಿಂದೆ ಹಿಡಿದಳು.

"ಇವತ್ತು ನಂಗೇಳಿ. ನಾನಿದೀನಲ್ಲ."

ಅವನು ಮತ್ತೆ ಕೈ ಚಾಚಿದ. "ಜ್ಯೋತಿ, ಕೊಡೇ. ತಡ್ಕೊಳಕ್ಕಾಗ್ತಿಲ್ಲ."

"ಆ ಮೀಸೆಗಿಂತ ನಾನ್ ಕಮ್ಮಿನಾ?"

ಅವನು ಮೆಟ್ಟಿಲಿಳಿದು ಹೋದ. ಬೀದಿಯ ತುದಿಯಲ್ಲಿ ವೈನ್ ಶಾಪ್. ಅವಳು ಬಾಲ್ಕನಿಗೆ ಓಡಿ ಬಗ್ಗಿ ನೋಡುವ ಹೊತ್ತಿಗೆ ಅವನು ತಿರುವಿನಲ್ಲಿ ಮರೆಯಾಗಿದ್ದ. ಗಂಡನ ಅದೇ ಫೋನಿನಿಂದ ಸವತಿಗೆ ಕರೆ ಮಾಡಿದಳು.

"ಹೇಳಪಾ ವೇಣು."

"ನಾನು ಅವ್ರ ಮನೆಯವ್ಳು. ಫೋನ್ ಕೇಳಿದ್ರು, ನಾನ್ ಕೊಡ್ಲಿಲ್ಲ. ಹೊರಟ್ಹೋದ್ರು..."

ಸಿದ್ರಾಮಪ್ಪ ಬೈಯಲಿಲ್ಲ. "ನೀವು ಫೋನ್ ಇಡಬ್ಯಾಡ್ರಿ. ಅಲ್ಲೇ ಸಮೀಪ ನಮ್ಮವರೊಬ್ಬರದು ಅಂಗಡಿ ಐತಿ." ಇನ್ನೊಂದು ಫೋನಿನಲ್ಲಿ ಯಾರಿಗೋ ಹೇಳುವುದು ಕೇಳಿಸಿತು. "ಹುಡುಕಾಕ ಹೊಂಟಾರ. ಈಗ ನೀವು ಹೇಳ್ರಿ ತಂಗಿ, ನಿಮ್ಮ ಮನಸ್ಸು ಹ್ಯಾಂಗೈತಿ?"

ಅಣಕಿಸಿ ಅಣಕಿಸಿ ಸವೆಸಿದ್ದ ಪ್ರಶ್ನೆ. ಆದರೆ ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ಹೊಟ್ಟೆಕಿಚ್ಚು," ಅಂದುಬಿಟ್ಟಳು. "ನಿಮ್ ಮೇಲೆ."

ಆ ಕಡೆ ದೊಡ್ಡ ನಗು. "ನಮ್ಮಾಕಿ ನನ್ನ ಫೋನು ಬಾವ್ಯಾಗ ಒಗದಿದ್ಲರೀ! ನೀವೇ ವಾಸಿ."

ಅವಳಿಗೂ ನಗು ಬಂತು, ನಗುವಿನ ಬೆನ್ನಿಗೆ ಅಳು. ಅಳುವಿನ ಜೊತೆ ಮಾತು ಬಂತು: ಹಾರಿದ ತಟ್ಟೆಗಳು, ತವರಲ್ಲಿ ಹೇಳಿದ ಸುಳ್ಳುಗಳು, ಸಂಜೆ ಗೇಟಿನ ಸದ್ದಿಗೆ ಓಡಿ ಕಿಟಕಿ ಮುಚ್ಚುತ್ತಿದ್ದದ್ದು. ಸಿದ್ರಾಮಪ್ಪ ನಡುನಡುವೆ "ಹೂಂನ್ರೀ" ಅನ್ನುತ್ತ ಕೇಳಿಸಿಕೊಂಡ.

ಬಾಗಿಲು ಧಡಾರನೆ ತೆರೆಯಿತು. ವೇಣು. ಬೆವರಿ ತೊಪ್ಪೆಯಾಗಿದ್ದ.

"ಮೆಡಿಕಲ್ ಸ್ಟೋರಿನವನ ಫೋನಿಂದ ಎಷ್ಟ್ ಸಲ ಮಾಡ್ಲೇ ಅಣ್ಣಂಗೆ! ಬಿಜಿ, ಬಿಜಿ, ಬಿಜಿ! ಯಾರೋ ಲೈನ್ ಬಿಡ್ತಾನೇ ಇಲ್ಲ!"

ಅವಳು ಹತ್ತಿರ ಹೋಗಿ ಮೂಸಿದಳು. ಬೆವರಿನ ವಾಸನೆ ಮಾತ್ರ. "ಅಣ್ಣಾ, ಬಂದ್ರು," ಅಂದಳು ಫೋನಿಗೆ. "ಕುಡಿದಿಲ್ಲ."

ವೇಣು ಅವಳ ಒದ್ದೆ ಮುಖವನ್ನೂ ಕಿವಿಯಲ್ಲಿದ್ದ ತನ್ನ ಫೋನನ್ನೂ ನೋಡಿದ. ಅವನ ಮುಖ ಹುಳ್ಳಗಾಯಿತು.

"ಇಷ್ಟೊತ್ತು ಮಾತಾಡ್ತಿದ್ದೋಳು ನೀನಾ? ನನ್ ಅಣ್ಣನ್ ಜೊತೆ?"

"ಹೂಂ. ಒಂದೇ ನಿಮಿಷ ಕೂತ್ಕೊಳ್ರೀ, ಆಮೇಲೆ ಕೊಡ್ತೀನಿ."

ವೇಣು ಬ್ಲೌಸ್ ಪೀಸುಗಳ ನಡುವೆ ನೆಲದ ಮೇಲೆ ಕೂತು, ಅವಳು ಏನು ಹೇಳುತ್ತಾಳೋ ಎಂದು ಕಿವಿ ನಿಮಿರಿಸಿಕೊಂಡ.