ಅಜ್ಜಿಯ ಶಕ್ತಿ ಮಾತ್ರೆ

ನನಗೆ ನಾನೇ ಒಪ್ಪಿಕೊಳ್ಳಬೇಕಾದ ಒಂದು ಸಣ್ಣ ಚಿಂತೆ: ಇವತ್ತು ಡಾಕ್ಟರ್ ನನ್ನ ಕಡೆ ತಿರುಗಿ ಏನಾದರೂ ಕೇಳಿಬಿಟ್ಟರೆ ನನ್ನ ದನಿ ಬೆಕ್ಕಿನ ಮರಿಯದ್ದಾಗುತ್ತದೆ. ಅಜ್ಜಿಗೆ ರಕ್ತದ ಕ್ಯಾನ್ಸರ್, ನನಗೆ ದನಿಯ ಚಿಂತೆ. ಇಂಥ ಮೊಮ್ಮಗಳು ಯಾರಿಗೂ ಬೇಡ.

ಬಯೋಕೆಮಿಸ್ಟ್ರಿ ಓದಿದವಳು ನಾನು. ರಿಪೋರ್ಟ್ ಬಂದ ದಿನ ಲುಕೇಮಿಯಾದ ನಾಲ್ಕು ಮುಖ್ಯ ಬಗೆಗಳನ್ನೂ ಡೈರಿಯಲ್ಲಿ ಬರೆದೆ. ದಿಢೀರನೆ ಏರುವವು ಎರಡು, ನಿಧಾನಕ್ಕೆ ಬೆಳೆಯುವವು ಎರಡು. ಅಜ್ಜಿಯದು ನಿಧಾನದ್ದು, ಸಿಎಂಎಲ್ ಅನ್ನುತ್ತಾರೆ. ಮೂಳೆಯ ಮಜ್ಜೆ ತೆಗೆದು ಪರೀಕ್ಷಿಸಿದಾಗ ಖಾತ್ರಿಯಾಗಿತ್ತು. ದಿನಕ್ಕೊಂದು ಮಾತ್ರೆ ಸಾಕು, ಆದರೆ ತಪ್ಪಿಸುವಂತಿಲ್ಲ. ಇದನ್ನು ಕೆಂಪು ಇಂಕಿನಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಓದಿದವರು ಯಾರು? ನಾನೇ.

ಅಜ್ಜಿಗೆ ಮಾತ್ರ ಯಾರೂ ಹೇಳಿರಲಿಲ್ಲ. "ಕ್ಯಾನ್ಸರ್ ಅಂದ್ರೆ ಅಮ್ಮ ಹೆದರಿಕೆಗೇ ಹೋಗ್ಬಿಡ್ತಾಳೆ. ರಕ್ತ ಕಮ್ಮಿ, ಶಕ್ತಿ ಮಾತ್ರೆ ಅನ್ನಿ, ಸಾಕು," ಎಂದು ಉಮೇಶ್ ಮಾವ ತೀರ್ಮಾನಿಸಿದ. ಕೋಗಿಲು ಅನ್ನುವ ಊರಿನ ನಮ್ಮ ಮನೆಯಲ್ಲಿ ತೀರ್ಮಾನಗಳೆಲ್ಲ ಅವನವೇ. ನಾನು ತಲೆ ಆಡಿಸಿದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಮಾತ್ರೆ ಶುರುವಾಗಿ ಮೂರು ತಿಂಗಳಾಗಿತ್ತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರ್ ತಸ್ನೀಮ್ ಹೊಸ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. "ಬಿಳಿ ರಕ್ತಕಣ ಇಷ್ಟೊತ್ತಿಗೆ ಇಳೀಬೇಕಿತ್ತು. ಮಾತ್ರೆ ದಿನಾ ತಗೋತಿದಾರಾ?"

"ಒಂದಿನಾನೂ ತಪ್ಪಿಲ್ಲ ಮೇಡಂ," ಅಂದ ಮಾವ.

"ಸುಳ್ಳ್ಯಾಕ್ ಏಳ್ತೀಯೋ?" ಅಜ್ಜಿ ಸೆರಗು ಸರಿಮಾಡಿಕೊಂಡಳು. "ದಿನ ಬಿಟ್ಟು ದಿನ ನುಂಗ್ತೀನಿ ಡಾಕ್ಟ್ರಮ್ಮ. ಪಕ್ಕದ ಮನೆ ರತ್ನಕ್ಕಂಗೆ ಬಲೇ ಸುಸ್ತು, ಉಳಿದಿದ್ದು ಅವಳಿಗೆ ಕೊಡ್ತೀನಿ. ಶಕ್ತಿ ಮಾತ್ರೆ ತಾನೆ? ನಾನೊಬ್ಳೇ ಗಟ್ಟಿಯಾಗಿ ಏನ್ ಮಾಡ್ಲಿ?"

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಆ ರತ್ನಕ್ಕ ಇವತ್ತೇ ನಿಲ್ಲಿಸಿ ಇಲ್ಲಿಗೆ ಬಂದು ತೋರಿಸ್ಲಿ. ಇವರು ಹಿಂಗೇ ತಪ್ಪಿಸಿದ್ರೆ ಕಾಯಿಲೆ ಕೈ ಮೀರಿ ಹೋಗುತ್ತೆ."

"ಯಾವ್ ಕಾಯ್ಲೆ?"

ಮಾವ ಕೆಮ್ಮಿದ. "ಏನಿಲ್ಲಮ್ಮ, ರಕ್ತ ಸ್ವಲ್ಪ..."

"ನಿನ್ನ ಕೇಳ್ಲಿಲ್ಲ. ಓದಿರೋ ಮೊಗ ಇಲ್ಲೈತೆ." ಅಜ್ಜಿ ನನ್ನ ಕಡೆ ತಿರುಗಿದಳು. "ನೀನ್ ಏಳವ್ವ."

ಮೇಜಿನಡಿ ಮಾವ ನನ್ನ ಕಾಲು ತುಳಿದ. ಡೈರಿಯೇನೋ ಬ್ಯಾಗಿನಲ್ಲೇ ಇತ್ತು. ತೆಗೆದು ಕೈಗೆ ಕೊಟ್ಟುಬಿಡೋಣ ಅಂದರೆ ಅಜ್ಜಿಗೆ ಅಕ್ಷರ ಬಾರದು. ಅವಳು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.

"ಅಜ್ಜಿ," ಅಂದೆ, "ನಿಂಗಿರೋದು ರಕ್ತದ ಕ್ಯಾನ್ಸರ್. ಆ ಮಾತ್ರೆ ನಿಂದು, ಯಾರಿಗೂ ಕೊಡ್ಬೇಡ."